ಹಳೇ ಸೀರಿ ಅದಾವೇನವ್ವಾ?

ಆತ್ಮೀಯ ಸದಸ್ಯರೇ,

ನಾನು ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ನಮ್ಮ ಮನೆಗೆ ಒಬ್ಬ ಅಜ್ಜಿ ಬರುತ್ತಿದ್ದರು. ಹೆಸರು ಏನೋ ಗೊತ್ತಿಲ್ಲ. ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿ ಕೌದಿ ಅನ್ನುವ ಹೊದಿಕೆ ಹೊಲಿಯುತ್ತಿದ್ದರು, ಹಾಗಾಗಿ ಕೌದಿ ಆಯಿ ಅಂತಲೇ ಕರೆಯುತ್ತಿದ್ದೆವು. ಬಾಗಿಲಲ್ಲಿ ನಿಂತು ಅವರು ಕೇಳುತ್ತಿದ್ದ ಮಾತು ಪ್ರತಿ ವರ್ಷವೂ ಒಂದೇ. "ಹಳೇ ಸೀರಿ ಅದಾವೇನವ್ವಾ?"

ಅವ್ವ ಟ್ರಂಕು ತೆಗೆದು ಮಾಸಿದ ಇಳಕಲ್ಲ ಸೀರೆ, ಅಪ್ಪನ ಹಳೆ ಧೋತರ, ನಮ್ಮ ಚಿಕ್ಕದಾದ ಅಂಗಿಗಳನ್ನು ಪಡಸಾಲೆಯಲ್ಲಿ ಗುಡ್ಡೆ ಹಾಕುತ್ತಿದ್ದಳು. ಅಲ್ಲಿಂದ ಹತ್ತು ಹದಿನೈದು ದಿನ ಆಯಿ ನಮ್ಮ ಮನೆಯವರೇ. ಕಾಲು ಚಾಚಿ ಕೂತರೆ ಮಧ್ಯಾಹ್ನದ ರೊಟ್ಟಿಗೇ ಏಳುವುದು. ರಾತ್ರಿ ಅದೇ ಪಡಸಾಲೆಯಲ್ಲಿ, ಅರ್ಧ ಹೊಲಿದ ಕೌದಿಯನ್ನೇ ಹೊದ್ದು ಮಲಗುತ್ತಿದ್ದರು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಒಣ ರೊಟ್ಟಿ ಬಟ್ಟೆಯ ಪದರದೊಳಗೆ ಇಡುತ್ತಿದ್ದರು. ಯಾಕೆ ಅಂತ ಕೇಳಿದರೆ, "ಕೌದಿ ಹಸದಿರಬಾರದವಾ, ಹೊದ್ದವರಿಗೆ ಬೆಚ್ಚಗ ಆಗೂದಿಲ್ಲ" ಅನ್ನುತ್ತಿದ್ದರು. ಕೂಲಿ ಎಣಿಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಓಣಿಗೆ ಹೋಗುತ್ತಿದ್ದರು.

ಆಯಿಗೆ ಮನೆ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಚಳಿಗಾಲವಿಡೀ ಮನೆಯಿಂದ ಮನೆಗೆ, ಬೇಸಿಗೆಯಲ್ಲಿ ಗುಡಿಯ ಕಟ್ಟೆ. ಆದರೆ ಯಾರೂ ಅವರನ್ನು ಮನೆ ಇಲ್ಲದವರು ಅಂತ ನೋಡಲಿಲ್ಲ, ಅವರೂ ಹಾಗೆ ಅಂದುಕೊಂಡಂತೆ ಕಾಣಲಿಲ್ಲ. ಅವರು ಬಂದರೆ ನಮಗೆ ಬೇಕಾಗಿತ್ತು. ಬರುವುದು ತಡವಾದರೆ ಅವ್ವ ಎರಡು ಸಲ ಬಾಗಿಲಿಗೆ ಹೋಗಿ ನೋಡುತ್ತಿದ್ದಳು.

ಆಮೇಲೆ ಎಲ್ಲರ ಮನೆಗೂ ಸೋಲಾಪುರ ಚಾದರ ಬಂತು, ರಗ್ಗು ಬಂತು. ಆಯಿಯ ಕಣ್ಣೂ ಮಂಜಾಯಿತು. ನಾನು ಕಾಲೇಜಿನಲ್ಲಿದ್ದಾಗ ಒಂದು ಶ್ರಾವಣ ಸೋಮವಾರ ಸಿದ್ಧಾರೂಢ ಮಠದಲ್ಲಿ ದಾಸೋಹದ ಸಾಲಿನಲ್ಲಿ ಅವರನ್ನು ಕಂಡೆ. ಮಠದ ಊಟದಿಂದ ಹೊಟ್ಟೆಗೇನೂ ಕೊರತೆ ಇರಲಿಲ್ಲ. ನಾನು ಮಾತಾಡಿಸಿದೆ. ದನಿಯಿಂದ ಗುರುತು ಹಿಡಿದರು. ಕೈ ಹಿಡಿದುಕೊಂಡು ಕೇಳಿದ್ದು ಅದೇ ಮಾತು, "ಮನ್ಯಾಗ ಹಳೇ ಸೀರಿ ಅದಾವೇನವ್ವಾ?" ಸೂಜಿಗೆ ದಾರ ಪೋಣಿಸಲಾಗದ ಕಣ್ಣು. ನಾನು ಹತ್ತು ರೂಪಾಯಿ ಕೊಟ್ಟು ಬಂದೆ. ಆ ಹತ್ತು ರೂಪಾಯಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇದೆಲ್ಲ ನೆನಪಾದದ್ದು ಈ ಬೇಸಿಗೆಯಲ್ಲಿ, ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ. ಇಲ್ಲಿ ಇಂಗ್ಲೆಂಡಿನಲ್ಲಿ, ಕೇಂಬ್ರಿಡ್ಜ್‌ನಿಂದ ಸ್ವಲ್ಪ ಉತ್ತರಕ್ಕೆ ಲ್ಯಾಂಡ್‌ಬೀಚ್ ಅನ್ನುವ ಹಳ್ಳಿ ಇದೆ. ಅಲ್ಲಿ ಎಮೇಯಸ್ ಅನ್ನುವ ಸಂಸ್ಥೆಯ ದೊಡ್ಡ ಅಂಗಡಿ. ನಿಮ್ಮಲ್ಲಿ ಕೆಲವರು ಅಲ್ಲಿ ಸೋಫಾ, ಪುಸ್ತಕದ ಕಪಾಟು ಕೊಂಡಿರಬಹುದು. ನಾನು ಕುರ್ಚಿ ನೋಡಲು ಹೋದವಳು ಒಂದು ಹೊಲಿಗೆ ಯಂತ್ರದ ಮುಂದೆ ನಿಂತುಬಿಟ್ಟೆ. ಅದನ್ನು ರಿಪೇರಿ ಮಾಡುತ್ತಿದ್ದವರು ಕೆಲವು ವರ್ಷ ಬೀದಿಯಲ್ಲಿ ಮಲಗಿದ್ದವರಂತೆ. ತಾವಾಗಿಯೇ ಹೇಳಿದರು. ಈಗ ಅಂಗಡಿಯ ಹಿಂದೆಯೇ ಅವರಿಗೆ ಒಂದು ಕೋಣೆ ಇದೆ.

ಇಂಗ್ಲೆಂಡಿನಲ್ಲಿ ಎಮೇಯಸ್‌ನ ಮೊದಲ ಸಮುದಾಯ ಶುರುವಾದದ್ದು ಅಲ್ಲೇ, 1992ರಲ್ಲಿ. ನಡೆಯುವ ರೀತಿ ಸರಳ. ಮನೆ ಇಲ್ಲದವರಿಗೆ ಒಂದು ಸ್ವಂತ ಕೋಣೆ, ಎಲ್ಲರ ಜೊತೆ ಊಟ, ವಾರಕ್ಕೆ ಸ್ವಲ್ಪ ಕೈಖರ್ಚು. ಅದಕ್ಕೆ ಬದಲು ಅವರವರ ಕೈಲಾದಷ್ಟು ಕೆಲಸ. ಜನ ಕೊಟ್ಟ ಹಳೆ ಸಾಮಾನು ವ್ಯಾನಿನಲ್ಲಿ ತರುವುದು, ಒರೆಸುವುದು, ರಿಪೇರಿ ಮಾಡುವುದು, ಮಾರುವುದು, ಅಡುಗೆ ಮಾಡುವುದು. ಸೇರುವಾಗ ಮನೆ ಬಾಡಿಗೆಯ ನೆರವು ಒಂದನ್ನು ಬಿಟ್ಟು ಸರ್ಕಾರದ ಉಳಿದ ಭತ್ಯೆ ಬಿಡಬೇಕು. ಆವರಣದಲ್ಲಿ ಕುಡಿತ, ಡ್ರಗ್ಸ್ ಇಲ್ಲ. ಬೇಕಾದಷ್ಟು ದಿನ ಇರಬಹುದು. ಇಂಗ್ಲೆಂಡಿನ ಎಷ್ಟೋ ರಾತ್ರಿ ತಂಗುದಾಣಗಳಲ್ಲಿ ಬೆಳಗಾದರೆ ಚೀಲ ಎತ್ತಿಕೊಂಡು ಹೊರಡಬೇಕು. ಎಮೇಯಸ್‌ನಲ್ಲಿ ಆ ಭಯ ಇಲ್ಲ. ಇರುವವರನ್ನು ಅವರು 'ಕಂಪ್ಯಾನಿಯನ್' ಅನ್ನುತ್ತಾರೆ. ಆ ಪದದ ಲ್ಯಾಟಿನ್ ಬೇರು ಹುಡುಕಿದರೆ, ರೊಟ್ಟಿ ಹಂಚಿಕೊಂಡು ತಿನ್ನುವವರು ಅಂತ ಅರ್ಥ ಬರುತ್ತದೆ. ನನಗೆ ಕೌದಿಯ ಮೂಲೆಯ ರೊಟ್ಟಿ ನೆನಪಾಗದೆ ಇರುತ್ತದೆಯೇ?

ಇದರ ಮೂಲ ಫ್ರಾನ್ಸ್. 1949ರಲ್ಲಿ ಪ್ಯಾರಿಸ್ ಹತ್ತಿರದ ನ್ಯೂಯಿ ಪ್ಲೆಸಾನ್ಸ್‌ನಲ್ಲಿ ಅಬ್ಬೆ ಪಿಯರ್ ಅನ್ನುವ ಪಾದ್ರಿ ಒಂದು ಪಾಳು ಮನೆ ಹಿಡಿದು ರಿಪೇರಿ ಮಾಡುತ್ತಿದ್ದರು. ಆಗ ಅವರು ಸಂಸತ್ ಸದಸ್ಯರೂ ಹೌದು. ಜೈಲು ಶಿಕ್ಷೆ ಮುಗಿಸಿ ಬಂದು, ಬದುಕು ಸಾಕಾಗಿ ಸಾಯಲು ಹೊರಟಿದ್ದ ಜಾರ್ಜ್ ಅನ್ನುವವರ ಹತ್ತಿರ ಯಾರೋ ಪಾದ್ರಿಯನ್ನು ಕರೆಸಿದರು. ಪಾದ್ರಿ ಬುದ್ಧಿ ಹೇಳಲಿಲ್ಲ, ದುಡ್ಡೂ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಏನೂ ಇಲ್ಲ, ಮನೆ ಇಲ್ಲದವರಿಗೆ ಮನೆ ಕಟ್ಟುತ್ತಿದ್ದೇನೆ, ಕೈ ಜೋಡಿಸುತ್ತೀಯಾ ಅಂತ ಕೇಳಿದರಂತೆ. ಜಾರ್ಜ್ ಮೊದಲ ಕಂಪ್ಯಾನಿಯನ್ ಆದರು. 1951ರಲ್ಲಿ ಪಾದ್ರಿಯ ಸಂಸತ್ ಸ್ಥಾನ ಹೋಯಿತು, ಸಂಬಳವೂ ನಿಂತಿತು. ಆಗ ಎಲ್ಲರೂ ಸೇರಿ ಚಿಂದಿ ಆಯುವ ಕೆಲಸ ಹಿಡಿದರು. ಊರು ಬಿಸಾಡಿದ್ದನ್ನು ಆಯ್ದು, ಸರಿಮಾಡಿ ಮಾರಿ, ಆ ದುಡ್ಡಲ್ಲಿ ಮನೆ ಕಟ್ಟಿದರು. 1954ರ ಫೆಬ್ರವರಿ 1ರಂದು, ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬ ಹೆಣ್ಣುಮಗಳು ಚಳಿಗೆ ಸತ್ತಾಗ, ಆ ಪಾದ್ರಿ ರೇಡಿಯೋದಲ್ಲಿ ಮೊರೆಯಿಟ್ಟರು. ಮನೆ ಖಾಲಿ ಮಾಡಿಸಿದ ಕಾಗದ ಆಕೆಯ ಕೈಯಲ್ಲೇ ಇತ್ತು. ಕಂಬಳಿ, ದುಡ್ಡು ಹರಿದುಬಂತು. ಎರಡು ವರ್ಷದ ಮೇಲೆ, ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಹಾಕಬಾರದು ಅನ್ನುವ ಕಾನೂನೂ ಬಂತು.

ಒಂದು ಕಹಿ ವಿಷಯವನ್ನೂ ಹೇಳಲೇಬೇಕು. ಆ ಪಾದ್ರಿ 2007ರಲ್ಲಿ ತೀರಿಕೊಂಡರು. 2024ರಲ್ಲಿ ಅವರ ಮೇಲೆ ಹಲವು ಹೆಣ್ಣುಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದವು. ಅದನ್ನು ಹೊರಗೆ ತಂದದ್ದು ಎಮೇಯಸ್ ಸಂಘಟನೆಗಳೇ. ಅವರ ಹೆಸರಿನ ಪ್ರತಿಷ್ಠಾನ ಹೆಸರನ್ನೇ ಬದಲಿಸಿಕೊಂಡಿತು. ಹಾಗಾಗಿ ನಾನು ಇಲ್ಲಿ ಅವರನ್ನು ಹೊಗಳಲು ಬರೆಯುತ್ತಿಲ್ಲ. ನಾನು ನೋಡಿದ್ದು ಹೊಲಿಗೆ ಯಂತ್ರ ಸರಿಮಾಡುವ ಕೈಗಳನ್ನು. ಎಪ್ಪತ್ತಕ್ಕೂ ಜಾಸ್ತಿ ವರ್ಷ ಈ ಕೆಲಸ ನಡೆಸಿಕೊಂಡು ಬಂದದ್ದು ಅಂಥವರೇ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಈಗ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ, ಜಗತ್ತಿನಲ್ಲೇ ಉದ್ದದ್ದು. ನಮಗೆಲ್ಲ ಹೆಮ್ಮೆ. ಬೆಳಗಿನ ಗಾಡಿಗೆ ಇಳಿದಾಗ ಸ್ಟೇಷನ್ನಿನ ಹೊರಗೆ ಗೋಡೆಗುಂಟ ಮುಸುಕು ಹಾಕಿ ಮಲಗಿದವರ ಸಾಲನ್ನೂ ನೋಡಿದೆ. ಆ ವಾರ ಊರಿನ ಒಂದು ರಾತ್ರಿ ಆಶ್ರಯ ಕೇಂದ್ರಕ್ಕೆ ಹೋಗಿ, ನೋಡಿಕೊಳ್ಳುವವರ ಹತ್ತಿರ ಕೂತು ಮಾತಾಡಿದೆ. ಪಾಪ ಇವರಿಗೆಲ್ಲ ಏನಾದರೂ ಕೆಲಸ ಕಲಿಸಬೇಕು ಅಲ್ವಾ ಅಂದೆ. ಅವರು ನಕ್ಕರು.

"ಅಕ್ಕಾರ, ಇವ್ರಿಗೆ ಕೆಲಸ ಇಲ್ಲ ಅಂತ ಯಾರ್ ಹೇಳಿದ್ರು? ಇಂವ ಎಪಿಎಂಸಿಯೊಳಗ ಹಮಾಲಿ ಮಾಡ್ತಾನ. ಇವ್ರಿಬ್ರು ಮದುವಿ ಸೀಜನ್ನಿನ್ಯಾಗ ಅಡಗಿಯವರ ಕೂಡ ಹೋಗ್ತಾರ. ಆ ಮೂಲ್ಯಾಗಿನ ಅಜ್ಜಿ ಮೊನ್ನೆ ತನಕ ಬ್ಯಾಡಗಿಯೊಳಗ ಮೆಣಸಿನಕಾಯಿ ತುಂಬು ಮುರೀತಿದ್ಲು. ಕೆಲಸ ಐತ್ರಿ. ಮನಿ ಇಲ್ಲ, ಅಷ್ಟ."

ನನ್ನ ತಲೆಯಲ್ಲಿದ್ದ ಚಿತ್ರ ಅಲ್ಲೇ ತಿರುಗಿಬಿತ್ತು. ಇಂಗ್ಲೆಂಡಿನಲ್ಲಿ ಎಷ್ಟೋ ಜನ ಮನೆಯ ಜೊತೆ ಕೆಲಸವನ್ನೂ ಕಳಕೊಂಡಿರುತ್ತಾರೆ. ನಮ್ಮ ಊರಲ್ಲಿ ದಿನವಿಡೀ ಮೂಟೆ ಹೊತ್ತವರು ರಾತ್ರಿ ಅಂಗಡಿಯ ಕಟ್ಟೆಗೆ ಬರುತ್ತಾರೆ. ವಿಳಾಸ ಇಲ್ಲದೆ ರೇಷನ್ ಕಾರ್ಡ್ ಇಲ್ಲ, ಬ್ಯಾಂಕ್ ಖಾತೆ ತೆರೆಯುವುದು ಕಷ್ಟ. ದುಡಿದ ದುಡ್ಡು ನಡುವಿಗೆ ಕಟ್ಟಿಕೊಂಡು ಮಲಗಬೇಕು. ಮೈಗೆ ಹುಷಾರಿಲ್ಲದೆ ನಾಲ್ಕು ದಿನ ಮಲಗಿದರೆ ಆ ದುಡ್ಡೂ ಮುಗಿಯುತ್ತದೆ. ಅಜ್ಜಿಯ ಕೈ ಖಾರಕ್ಕೆ ಉರಿದು ಸೀಳಿತ್ತು. ಆಕೆಗೆ ಬೇಕಾದದ್ದು ಕೂತು ಮಾಡುವ, ತಲೆ ಮೇಲೆ ಸೂರಿರುವ ಕೆಲಸ.

ಕಾಗದದ ಮೇಲೆ ಇದೆಲ್ಲ ನಮ್ಮ ದೇಶದಲ್ಲೂ ಇದೆ. 2010ರಲ್ಲಿ ದೆಹಲಿಯ ಚಳಿಗೆ ಜನ ಸತ್ತಾಗ ಸುಪ್ರೀಂ ಕೋರ್ಟ್ ನಡುವೆ ಬಂತು. ದೊಡ್ಡ ನಗರಗಳಲ್ಲಿ ಲಕ್ಷ ಜನರಿಗೆ ಒಂದರಂತೆ ಆಶ್ರಯ ಕೇಂದ್ರ ಬೇಕು ಅನ್ನುವ ಲೆಕ್ಕ ಆಗ ಗಟ್ಟಿಯಾಯಿತು. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡಕ್ಕೆ 9.4 ಲಕ್ಷ ಜನ. ನೀವೇ ಲೆಕ್ಕ ಹಾಕಿ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದೊಳಗೇ ಈ ಆಶ್ರಯ ಕೇಂದ್ರಗಳನ್ನು ಸೇರಿಸಿದ್ದರು. ಹೆಸರಿನಲ್ಲೇ ಜೀವನೋಪಾಯ ಇದೆ ನೋಡಿ. ಸೂರು ಮತ್ತು ದುಡಿಮೆ ಒಂದೇ ಕಡೆ ಇರಬೇಕು ಅಂತ ಯೋಚಿಸಿದವರು ನಮ್ಮಲ್ಲೂ ಇದ್ದರು. ಇದಕ್ಕೆ ಪೂರಾ ತಿರುಗಾದ ಇನ್ನೊಂದು ದಾರಿಯೂ ಇದೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದೆ. ಊರಲ್ಲಿ ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ, ಭಿಕ್ಷುಕರ ಕರ ಅಂತ ಶೇ. 3 ಇರುತ್ತದೆ. ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡುವ ವ್ಯವಸ್ಥೆಗೆ ಆ ದುಡ್ಡು. ಹಿಡಿದು ತಂದವರಿಗೆ ಕಲಿಸುವ ಕೆಲಸಕ್ಕೂ, ತಾನಾಗಿ ಬಾಗಿಲು ತಟ್ಟಿ ಬಂದವರು ಮಾಡುವ ಕೆಲಸಕ್ಕೂ ಅಜಗಜಾಂತರ ಅಂತ ನನ್ನ ಅನಿಸಿಕೆ.

ಕೆಲಸ ಕೊಟ್ಟು ಜೊತೆಗಿಟ್ಟುಕೊಳ್ಳುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದವರಿಗೆ ಗೊತ್ತು. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಅಲ್ಲಿ ಅನ್ನ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು ಕೈಗಿಟ್ಟರು. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಆಶ್ರಮ ನಡೆಸಿದರು. ಅಲ್ಲಿ ಕಲಿತವರು ನಮ್ಮ ಊರುಗಳ ಪುರಾಣ, ಕೀರ್ತನೆಗಳಲ್ಲಿ ಹಾಡಿ ಸಂಸಾರ ಸಾಗಿಸಿದರು. ಚಿಕ್ಕವಳಿದ್ದಾಗ ಅವರನ್ನು 'ಪಾಪದವರು' ಅಂತ ಯಾರೂ ಕರೆದದ್ದು ನಾನು ಕೇಳಿಲ್ಲ. "ಗವಾಯಿಗಳು ಬಂದ್ರು, ಚಾಪಿ ಹಾಸ್ರಿ" ಅನ್ನುತ್ತಿದ್ದರು.

ಈಗ ನಮ್ಮ ಸಂಘದ ವಿಷಯ. ಪ್ರತಿ ರಾಜ್ಯೋತ್ಸವಕ್ಕೆ ನಾವು ಹುಬ್ಬಳ್ಳಿಗೆ ಒಂದು ದಿನದ ಅನ್ನದಾನಕ್ಕೆ ದುಡ್ಡು ಕಳಿಸುತ್ತೇವೆ. ಅದು ನಿಲ್ಲಬಾರದು. ಹಸಿದವರಿಗೆ ಊಟ ಹಾಕುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಉಳಿದ ನಿಧಿಯನ್ನು ಈ ವರ್ಷ ಕಂಬಳಿ ಹಂಚುವುದಕ್ಕೆ ಬಳಸುವುದು ಬೇಡ ಅಂತ ನಾನು ಕಾರ್ಯಕಾರಿ ಸಮಿತಿಯಲ್ಲಿ ಕೇಳಿಕೊಂಡೆ. ಆ ದುಡ್ಡಲ್ಲಿ ಕೌದಿ ಹೊಲಿಸೋಣ. ನಾವೇ ಕೊಳ್ಳೋಣ.

ಡಿಸೆಂಬರಿನಲ್ಲಿ ಹೋಗಿದ್ದ ಆ ರಾತ್ರಿ ಆಶ್ರಯ ಕೇಂದ್ರದವರಿಗೆ ಫೋನ್ ಮಾಡಿ ಕೇಳಿದೆ. ಅವರು ಹೆಣ್ಣುಮಕ್ಕಳನ್ನು ಕೇಳಿ ಮರುದಿನ ಹೇಳಿದರು. ಮೂವರಿಗೆ ಕೌದಿ ಹೊಲಿಯಲು ಬರುತ್ತದೆ. ಅದರಲ್ಲಿ ಒಬ್ಬರು ಆ ಮೆಣಸಿನಕಾಯಿಯ ಅಜ್ಜಿ. ಅವರು ಫೋನಿಗೆ ಬಂದು ಒಂದೇ ಪ್ರಶ್ನೆ ಕೇಳಿದರು, "ಕೂಲಿ ಎಷ್ಟ ಅಂತ ಮೊದ್ಲ ಹೇಳ್ರಿ." ಆ ಮಾತು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂದು ಕೌದಿಗೆ ಎಷ್ಟು ದಿನ ಹಿಡಿಯುತ್ತದೆ, ದಿನಕ್ಕೆ ಎಷ್ಟು ಬೀಳಬೇಕು, ದಾರ ಯಾರದ್ದು, ಎಲ್ಲ ಅವರೇ ಲೆಕ್ಕ ಹೇಳಿದರು. ನಾನು ಬರೆದುಕೊಂಡೆ. ಹಗಲಲ್ಲಿ ಕೇಂದ್ರದ ಒಂದು ಕೋಣೆಯಲ್ಲಿ ಕೂತು ಹೊಲಿಯಲು ಕೇಂದ್ರದವರು ಒಪ್ಪಿದ್ದಾರೆ. ಕೂಲಿ ಜಮಾ ಮಾಡಲು ಮೂವರಿಗೂ ಬ್ಯಾಂಕ್ ಖಾತೆ ಬೇಕು. ಆ ಓಡಾಟಕ್ಕೆ ಊರಲ್ಲಿರುವ ನಮ್ಮ ಸದಸ್ಯರ ಅಣ್ಣತಮ್ಮಂದಿರು ಯಾರಾದರೂ ಮುಂದೆ ಬಂದರೆ ದೊಡ್ಡ ಉಪಕಾರ. ದುಡ್ಡಿಗಿಂತ ಅದೇ ಕಷ್ಟದ ಕೆಲಸ.

ಸೀರೆಗಳನ್ನು ಇಲ್ಲಿಂದ ಕಳಿಸುವುದು ಬೇಡ. ವಿದ್ಯಾನಗರ, ಕೇಶ್ವಾಪುರ, ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮೆಲ್ಲರ ಮನೆಗಳ ಟ್ರಂಕುಗಳು ತುಂಬಿವೆ. ಈ ವಾರ ಊರಿಗೆ ಫೋನ್ ಮಾಡಿದಾಗ ಸುಮ್ನೆ ಒಂದು ಮಾತು ಕೇಳಿ. ಹತ್ತಿ ಸೀರೆ ಆದರೆ ಒಳ್ಳೆಯದು. ಇಲ್ಲಿ ನಿಮ್ಮ ಮನೆಯಲ್ಲಿ ಮೇಜು, ಕುರ್ಚಿ, ಪಾತ್ರೆ ಜಾಸ್ತಿ ಇದ್ದರೆ ಎಮೇಯಸ್‌ನವರಿಗೆ ಹೇಳಿ, ವ್ಯಾನ್ ತಂದು ಒಯ್ಯುತ್ತಾರೆ.

ಮೊದಲ ಗಂಟು ನಮ್ಮ ಅವ್ವನದು. ಭಾನುವಾರ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು.

"ನಾಕು ಸೀರಿ ಅದಾವ. ಒಯ್ಯಾಕ ಹೇಳು," ಅಂದಳು. "ಮತ್ತ ಕೊನೀ ಮೂಲ್ಯಾಗ ರೊಟ್ಟಿ ಇಡೂದು ಮರೀಬ್ಯಾಡಂತ ಹೇಳು."