ಮಾಳಿಗೆ ಮೇಲಿನ ಆಂಟೆನಾ, ಅಪ್ಪನ ಮಾತು, ಮತ್ತು ನಿಮಗೆಲ್ಲ ನನ್ನ ಶರಣು

ಈ ಎಳ್ಳಮವಾಸ್ಯೆಗೆ ಅಪ್ಪನಿಗೆ ಲಕ್ವಾ ಹೊಡೆದು ಒಂದು ವರ್ಷ ತುಂಬಿತು. ಹೋದ ವರ್ಷ ಎಲ್ಲರೂ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು ಬಂದಿದ್ದೆವು. ಮೂರನೇ ದಿನ ಬೆಳಗಿನ ಜಾವ ಅಪ್ಪನ ಕೈಯಿಂದ ಚಹಾದ ಲೋಟ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಏನೋ ಹೇಳಲು ಹೊರಟರು, ಬರೀ ಸದ್ದು ಬಂತು. ಮೂವತ್ತು ವರ್ಷಕ್ಕೂ ಜಾಸ್ತಿ ಮಕ್ಕಳಿಗೆ ಪಾಠ ಹೇಳಿದ ಮಾಸ್ತರರು ಅವರು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಈ ಒಂದು ವರ್ಷದಲ್ಲಿ ನಮ್ಮ ಜೊತೆ ನಿಂತವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಳಬೇಕು ಅಂತಿದ್ದೆ. ಹೇಳಲು ಕೂತರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೆ ನನ್ನ ಹೈಸ್ಕೂಲಿನ ದಿನಗಳು, ಆಳಂದದ ನಮ್ಮ ಮನೆ, ಆ ಕಪ್ಪು ಬಿಳುಪು ಟಿವಿ ಎಲ್ಲ ಬಂದುಬಿಡುತ್ತವೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಮುಂದೆ ಹೇಳುತ್ತೇನೆ.

ಮೊದಲ ಶರಣು ನಮ್ಮ ಎದುರು ಮನೆಯ ತಮ್ಮನಿಗೆ. ಆ ಹೊತ್ತಿಗೆ ಅವನು ತರಕಾರಿ ಮಾರ್ಕೆಟ್‌ಗೆ ಹೋಗಲು ಗಾಡಿ ಶುರು ಮಾಡುತ್ತಿದ್ದ. ನನ್ನ ಕೂಗು ಕೇಳಿದ್ದೇ ತಡ, ಹಿಂದಿದ್ದ ಖಾಲಿ ಬುಟ್ಟಿಗಳನ್ನೆಲ್ಲ ರಸ್ತೆಗೆ ಎಸೆದು, ಮನೆಯಿಂದ ಗಾದಿ ತಂದು ಹಾಸಿ, ಅಪ್ಪನನ್ನು ಮಗುವಿನ ಹಾಗೆ ಎತ್ತಿಕೊಂಡು ಮಲಗಿಸಿದ. ಒಂದು ತಾಸಿನೊಳಗೆ ಆಸ್ಪತ್ರೆಯಲ್ಲಿದ್ದೆವು. ಮಿದುಳಿನ ಎಡಭಾಗದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನ ಒಳಗೆ ಕೊಟ್ಟರೆ ಮಾತ್ರ ಉಪಯೋಗ, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಅಂತ ಡಾಕ್ಟರು ಆಮೇಲೆ ಹೇಳಿದರು. ದಯವಿಟ್ಟು ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು ಕಂಡರೆ ಅವರಿವರನ್ನು ಕೇಳುತ್ತ ಕೂಡಬೇಡಿ, ನಾಟಿ ಔಷಧಿ ಅಂತ ಊರೂರು ತಿರುಗಬೇಡಿ. ತಮ್ಮಾ, ಆ ದಿನದ ನಿನ್ನ ದುಡಿಮೆ ಹೋಯಿತು. ದುಡ್ಡು ಕೊಡಲು ಬಂದರೆ ನೀನು ಮುಖ ತಿರುಗಿಸಿಕೊಂಡೆ. ನಿನ್ನ ಋಣ ತೀರಿಸುವುದು ನನ್ನಿಂದ ಆಗುವುದಿಲ್ಲ.

ಜೀವ ಉಳಿಯಿತು. ಬಲಗಾಲಿಗೆ ಎರಡು ತಿಂಗಳಲ್ಲಿ ಸ್ವಲ್ಪ ಬಲ ಬಂತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು, ಹೇಳಬೇಕಾದ್ದು ಒಳಗೆ ಇತ್ತು, ಪದ ಸಿಗುತ್ತಿರಲಿಲ್ಲ. "ಹಾಂ" ಒಂದೇ. ನೀರು ಬೇಕಾದರೂ ಹಾಂ, ಬೇಡವಾದರೂ ಹಾಂ. ಮಾತು ಕಲಿಸುವ ಮೇಡಂ ವಾರಕ್ಕೆ ಎರಡು ದಿನ ಬರುತ್ತಿದ್ದರು. ಒಂದರಿಂದ ಹತ್ತು ಎಣಿಸುವುದು, ವಾರದ ಹೆಸರು, ದಿನಾ ಪೂಜೆಯಲ್ಲಿ ಹೇಳುವ ವಚನ, ಹೀಗೆ ಯೋಚನೆ ಮಾಡದೆ ಬಾಯಿಗೆ ತಾನಾಗಿ ಬರುವ ಮಾತುಗಳು ಕೆಲವರಲ್ಲಿ ಮೊದಲು ಮರಳುತ್ತವೆ ಅಂತ ಅವರು ಹೇಳಿದ್ದರು. ನಾವು ಎಲ್ಲ ಮಾಡಿದೆವು. ಅಪ್ಪ ತುಟಿ ಆಡಿಸುತ್ತಿದ್ದರು, ಆಮೇಲೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು.

ಈಗ ಟಿವಿಯ ಮಾತು.

ಅಪ್ಪ ಮೊದಲು ಟಿವಿ ನೋಡಿದ್ದು 1975ರಲ್ಲಿ, ನಮ್ಮ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ. ಆಗ ಅವರು ಹೊಸ ಮಾಸ್ತರರು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದ ಪ್ರಯೋಗ ಅದು, ಸೈಟ್ ಅಂತ ಹೆಸರು. ನಮ್ಮ ರಾಜ್ಯದಲ್ಲಿ ಅದು ಬಂದಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಹಿಂದುಳಿದ ಜಿಲ್ಲೆ ಅಂತ ನಮ್ಮನ್ನು ಆರಿಸಿದ್ದರು. ಶಾಲೆಯಲ್ಲಿ ಹತ್ತಡಿ ಅಗಲದ ಛತ್ರಿ ಆಂಟೆನಾ, ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅಂಥ ತಂತಿ ಬಲೆಯಿಂದ ಮಾಡಿದ್ದು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರಿನವರಿಗೆ ಒಕ್ಕಲುತನ, ಆರೋಗ್ಯದ ಕಾರ್ಯಕ್ರಮ. ಟಿವಿ ಪೆಟ್ಟಿಗೆಯ ಕೀಲಿ ಅಪ್ಪನ ಹತ್ತಿರ. ಛತ್ರಿ ಮುಖ ಯಾವ ಕಡೆ ಇರಬೇಕು, ವೈರು ಎಲ್ಲಿ ಸಡಿಲಾಗುತ್ತದೆ, ಎಲ್ಲ ಅಲ್ಲೇ ಕಲಿತರು. 1976ರ ಜುಲೈಗೆ ಆ ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಮರುವರ್ಷ 1977ರಲ್ಲಿ ಗುಲ್ಬರ್ಗಾದಲ್ಲೇ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ಬೆಂಗಳೂರಿನ ಬೀಗರು ಬಂದಾಗಲೆಲ್ಲ ಅಪ್ಪ ಇದನ್ನು ಹೇಳದೆ ಬಿಟ್ಟವರಲ್ಲ, ನನಗೂ ಇದನ್ನು ಹೇಳುವಾಗ ಎದೆ ಉಬ್ಬುತ್ತದೆ.

ನಾನು ಎಂಟನೇ ಕ್ಲಾಸಿಗೆ ಬಂದಿದ್ದು 1987ರಲ್ಲಿ. ಅಷ್ಟೊತ್ತಿಗೆ ಅಪ್ಪನಿಗೆ ಆಳಂದಕ್ಕೆ ವರ್ಗ ಆಗಿತ್ತು. ನಮ್ಮ ಓಣಿಯಲ್ಲಿ ಟಿವಿ ಇದ್ದಿದ್ದು ಒಂದೇ ಮನೆಯಲ್ಲಿ, ಟೇಲರ್ ಚಾಚಾ ಮನೆಯಲ್ಲಿ. ದುಬೈಯಲ್ಲಿದ್ದ ಅವರ ತಮ್ಮ ಕೊಡಿಸಿದ್ದು. ಐತವಾರ ಬೆಳಿಗ್ಗೆ ರಾಮಾಯಣ. ಚಾಚಿ ಅಂಗಳದ ಫರಸಿಗೆ ನೀರು ಹೊಡೆದು, ಜಮಖಾನ ಹಾಸಿ, ಟಿವಿಯನ್ನು ಬಾಗಿಲ ಹತ್ತಿರ ತಿರುಗಿಸಿ ಇಡುತ್ತಿದ್ದರು. ಓಣಿ ಓಣಿಯೇ ಬಂದು ಕೂಡುತ್ತಿತ್ತು. ಒಬ್ಬರನ್ನೂ ಅವರು ಬೇಡ ಅಂದಿದ್ದು ನನಗೆ ನೆನಪಿಲ್ಲ. ನಮ್ಮ ಆಯಿ ರಾಮ ಬಂದಾಗ ಟಿವಿಗೆ ಕೈ ಮುಗಿಯುತ್ತಿದ್ದಳು, ಚಾಚಿ ಆಗ ಮಕ್ಕಳಿಗೆ "ಚುಪ್, ಆಯಿ ದೇವರಿಗೆ ಕೈ ಮುಗೀಲಿಕತ್ಯಾಳ" ಅಂತ ಹೇಳುತ್ತಿದ್ದರು. ಬುಧವಾರ ರಾತ್ರಿ ಚಿತ್ರಹಾರ್. ಹಾಡಿನ ಉರ್ದು ಮಾತಿಗೆ ಅರ್ಥ ಹೇಳುವುದು ಚಾಚಾ ಕೆಲಸ. ಮುಂದೆ ಮಹಾಭಾರತ ಬಂದಾಗ ಆ ಸಂಸ್ಕೃತ ತುಂಬಿದ ಹಿಂದಿ ಚಾಚಾಗೆ ಹತ್ತುತ್ತಿರಲಿಲ್ಲ, "ಮಾಸ್ತರ್ರೇ, ಏನಂದ್ರು?" ಅಂತ ಅಪ್ಪನನ್ನು ಕೇಳುತ್ತಿದ್ದರು. ಆ ಮಹಾಭಾರತದ ಮಾತು ಬರೆದವರು ರಾಹಿ ಮಾಸೂಮ್ ರಜಾ ಅಂತ ಅಪ್ಪ ಪೇಪರಿನಲ್ಲಿ ಓದಿ ಹೇಳಿದ ದಿನ ಚಾಚಾ ಎಲ್ಲರಿಗೂ ಚಹಾ ಕುಡಿಸಿದ್ದರು.

ಮಾಲ್ಗುಡಿಯ ಕಥೆಗಳು ಬಂದಾಗಿನ ಸಂಭ್ರಮ ಬೇರೆ. ಮಾತು ಹಿಂದಿ, ಆದರೆ ಮಾಡಿಸಿದವರು ಶಂಕರ್ ನಾಗ್, ಊರು ಆಗುಂಬೆ, ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ. ಪರದೆ ಮೇಲೆ ಮುಖ ಕಂಡ ಕೂಡಲೇ ನಾವು "ನಮ್ಮೋರು, ನಮ್ಮೋರು" ಅಂತ ಚೀರುತ್ತಿದ್ದೆವು. ಐತವಾರ ಮಧ್ಯಾಹ್ನದ ಪ್ರಾದೇಶಿಕ ಸಿನಿಮಾದಲ್ಲಿ ಕನ್ನಡದ ಪಾಳಿ ಯಾವಾಗ ಬರುತ್ತದೆ ಅಂತ ವಾರಗಟ್ಟಲೆ ಕಾಯುತ್ತಿದ್ದೆವು.

1988ರ ದೀಪಾವಳಿಗೆ ಅಪ್ಪ ಕಂತಿನ ಮೇಲೆ ಒಂದು ಟಿವಿ ತಂದರು. ಹದಿನಾಲ್ಕು ಇಂಚು, ಮರದ ಶಟರ್. ಅವ್ವ ಅದರ ಮೇಲೆ ಕ್ರೋಶಾದಲ್ಲಿ ಹೆಣೆದ ಬಟ್ಟೆ ಹೊದಿಸಿದಳು. ಗುಲ್ಬರ್ಗಾ ನಲವತ್ತು ಕಿಲೋಮೀಟರ್ ಆಸುಪಾಸು, ಹಾಗಾಗಿ ಸಿಗ್ನಲ್ ನೆಟ್ಟಗೆ ಸಿಗುತ್ತಿರಲಿಲ್ಲ. ಮಾಳಿಗೆ ಮೇಲೆ ಉದ್ದನೆ ಕಬ್ಬಿಣದ ಪೈಪು, ಅದರ ತುದಿಗೆ ಆಂಟೆನಾ, ಅಲ್ಲಿಂದ ಕಿಟಕಿವರೆಗೆ ಚಪ್ಪಟೆ ವೈರು. ಗಾಳಿ ಬೀಸಿದರೆ ತಿರುಗುತ್ತಿತ್ತು, ಕಾಗೆ ಕೂತರೆ ಬಾಗುತ್ತಿತ್ತು, ಮಂಗ್ಯಾಗಳು ಬಂದರಂತೂ ಕೇಳಲೇಬೇಡಿ. ಅಪ್ಪ ಪೈಪಿನ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು, ಅದಕ್ಕೆ ಸರಿಯಾಗಿ ಕುಂಬಿಗೋಡೆ ಮೇಲೆ ಇನ್ನೊಂದು. ಎರಡೂ ಗೆರೆ ಕೂಡಿದರೆ ಆಂಟೆನಾ ಮುಖ ಗುಲ್ಬರ್ಗಾಕ್ಕೆ. ಮಳೆಗೆ ಗೆರೆ ಅಳಿಸಿದರೆ ಮತ್ತೆ ಎಳೆಯುತ್ತಿದ್ದರು.

ಆದರೂ ಎಷ್ಟೋ ಸಲ ಗೆರೆ ಕೂಡಿದರೂ ಚಿತ್ರ ಕೂಡುತ್ತಿರಲಿಲ್ಲ. ಆಗ ಅಪ್ಪ ಮೇಲೆ, ನನ್ನ ತಮ್ಮ ನಿಚ್ಚಣಿಕೆ ಮೇಲೆ ಅರ್ಧದಲ್ಲಿ, ನಾನು ಕಿಟಕಿಯಲ್ಲಿ. ಮೇಲಿಂದ "ಬಂತೇನು?" ಅನ್ನುವುದು, ನಾನು "ಇಲ್ಲ!" ಅನ್ನುವುದು. "ಈಗ ಬಂತೇನು?" "ಬಂತು, ಬಂತು... ಹೋತು!" "ಈಗ?" ಹೈಸ್ಕೂಲಿನ ಮೂರು ವರ್ಷದಲ್ಲಿ ಅಪ್ಪ ನನಗೆ ಹೇಳಿದ ಎಲ್ಲ ಮಾತಿಗಿಂತ ಇದೇ ಜಾಸ್ತಿ ಇರಬೇಕು. ಮನೆಯಲ್ಲಿ ಅಪ್ಪ ಮಾತು ಕಡಿಮೆ, ಶಾಲೆಯಲ್ಲೇ ಎಲ್ಲ ಖರ್ಚಾಗುತ್ತಿತ್ತು. ಕಣ್ಣಿಗೆ ಕಾಣದ ಅಪ್ಪ, ಬರೀ ಅವರ ದನಿ, ನಾನು ಹೇಳುವ ಉತ್ತರಕ್ಕೆ ಕಾಯುವ ದನಿ. ನಾನು "ಬಂತು" ಅಂದರೆ ಅವರು ನಂಬಿ ಇಳಿದು ಬರುತ್ತಿದ್ದರು, ಪ್ರಸಾರದ ಅರ್ಧ ಅವರಿಗೆ ತಪ್ಪಿರುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿನಲ್ಲಿ ಅವ್ವ ಶಟರ್‌ಗೆ ಬೀಗ ಹಾಕಿದಳು, ಐತವಾರ ಮಹಾಭಾರತಕ್ಕೆ ಮಾತ್ರ ತೆಗೆಯುತ್ತಿದ್ದಳು. ಅಷ್ಟೊತ್ತಿಗೆ ಚಾಚಾ ಮನೆಯ ಟಿವಿಯ ಪಿಕ್ಚರ್ ಟ್ಯೂಬ್ ಹೋಗಿತ್ತು. ಅವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. 1990ರ ಜೂನ್ 24ರಂದು ಕೊನೆಯ ಕಂತನ್ನು ಎರಡೂ ಮನೆಯವರು ಒಟ್ಟಿಗೆ ನೋಡಿದೆವು, ನನಗೆ ಆಗ ಕಾಲೇಜಿಗೆ ಅರ್ಜಿ ಹಾಕುವ ಗಡಿಬಿಡಿ.

ಹೋದ ಮೇ ತಿಂಗಳು. ಕಲಬುರಗಿಯಲ್ಲಿ ಬಿಸಿಲು ಹೇಗಿರುತ್ತದೆ ಗೊತ್ತಲ್ವಾ. ಒಂದು ಸಂಜೆ ಗಾಳಿ ಸಮೇತ ಅಡ್ಡಮಳೆ ಹೊಡೆದು ಮಾಳಿಗೆ ಮೇಲಿನ ಡಿಶ್ ತಿರುಗಿಬಿಟ್ಟಿತು. ತಮ್ಮ ಪುಣೆಯಿಂದ ಬಂದಿದ್ದ, ಮರುದಿನ ಬೆಳಿಗ್ಗೆ ಪಾನಾ ಹಿಡಿದು ಮೇಲೆ ಹೋದ. ಹಾಲಿನಲ್ಲಿ ಅಪ್ಪನ ಮಂಚ. ನಾನು ಕಿಟಕಿಯಲ್ಲಿ ನಿಂತು ಒಂದು ಕಣ್ಣು ಟಿವಿ ಮೇಲೆ ಇಟ್ಟು ಕೂಗುತ್ತಿದ್ದೆ. ಇಲ್ಲ. ಇನ್ನೂ ಇಲ್ಲ. ಸ್ವಲ್ಪ ಈ ಕಡೆ. "ಬಂತೇನು?" ಅಂತ ಕೇಳಿಸಿತು. "ಇಲ್ಲಪ್ಪಾ!" ಅಂದೆ. ಮತ್ತೆ "ಬಂತೇನು?"

ಆಗ ತಿಳಿಯಿತು, ದನಿ ಮೇಲಿಂದ ಬರುತ್ತಿಲ್ಲ.

ತಿರುಗಿ ನೋಡಿದರೆ ಅಪ್ಪ ಎಡಗೈ ಊರಿ ಅರ್ಧ ಎದ್ದಿದ್ದರು. ಕಣ್ಣು ಟಿವಿ ಮೇಲಿತ್ತು. ನಾಲ್ಕು ತಿಂಗಳ ಮೇಲೆ ಬಂದ ಮೊದಲ ಮಾತು. ತೊದಲಲಿಲ್ಲ, ಒಂದಕ್ಷರ ಹಿಂದು ಮುಂದಾಗಲಿಲ್ಲ, ಮೂವತ್ತೈದು ವರ್ಷದ ಹಿಂದೆ ಮಾಳಿಗೆ ಮೇಲಿಂದ ಕೇಳಿಸುತ್ತಿದ್ದ ಹಾಗೇ. ಟಿವಿಯಲ್ಲಿ ಏನೂ ಬಂದಿರಲಿಲ್ಲ. ನಾನು "ಬಂತಪ್ಪಾ, ಬಂತು" ಅಂದೆ.

ಮೇಡಂಗೆ ಫೋನ್ ಮಾಡಿದೆ. ಅವರು ಐತವಾರ ಅಂತಲೂ ನೋಡದೆ ಆ ಮಧ್ಯಾಹ್ನದ ಬಿಸಿಲಿನಲ್ಲಿ ಬಂದರು. ಅಲ್ಲಿಂದ ಪಾಠವನ್ನೆಲ್ಲ ಬದಲಾಯಿಸಿದರು. ಮೊಬೈಲಿನಲ್ಲಿ ಮಹಾಭಾರತ ಹಾಕಿ, ಅರ್ಧದಲ್ಲಿ ನಿಲ್ಲಿಸಿ, ಇವರು ಯಾರು ಅಂತ ಕೇಳುವುದು. ಭೀಷ್ಮ ಬಂತು. ಶಕುನಿ ಬಂತು. ರಾಮಾಯಣ ಯಾವ ದಿನ ಬರುತ್ತಿತ್ತು ಅಂದರೆ "ಐ... ಐತವಾರ". ನನ್ನ ಹೆಸರು ಬಂದಿದ್ದು ಶಕುನಿ ಆದ ಹನ್ನೆರಡು ದಿನಕ್ಕೆ. ಅಲ್ಲಿವರೆಗೆ ಒಳಗೊಳಗೆ ಎಷ್ಟು ಅತ್ತಿದ್ದೇನೆ ಅಂತ ಮೇಡಂಗೆ ಮಾತ್ರ ಗೊತ್ತು. ಮೇಡಂ, ನೀವು ಒಂದು ದಿನವೂ "ಇಷ್ಟೇ ಆಗೋದು" ಅನ್ನಲಿಲ್ಲ. ಅದಕ್ಕೆ ಶರಣು.

ಈಗ ಅಪ್ಪ ಸಣ್ಣ ಸಣ್ಣ ವಾಕ್ಯ ಮಾತಾಡುತ್ತಾರೆ. ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗುತ್ತಾರೆ. ಈ ಎಳ್ಳಮವಾಸ್ಯೆಗೆ ಹೊಲಕ್ಕೂ ಬಂದರು, ಅಲ್ಲೇ ಕೂತು ಎಡಗೈಯಲ್ಲೇ ಉಂಡರು.

ರಾತ್ರಿ ಪಾಳಿಯಲ್ಲಿ ಅಪ್ಪನ ಮಗ್ಗುಲು ಬದಲಿಸುತ್ತಿದ್ದ ನರ್ಸ್ ತಂಗಿಗೆ, ರಜೆ ಮುಗಿದರೂ ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ, ಎಲ್ಲಿಂದಲೋ ನಂಬರ್ ಹುಡುಕಿ ಫೋನ್ ಮಾಡಿ "ಸರ್, ನಾನು ನಿಮ್ಮ ವಿದ್ಯಾರ್ಥಿ" ಅಂತ ಹೇಳಿ, ಅಪ್ಪ ಉತ್ತರ ಕೊಡದಿದ್ದರೂ ಹತ್ತು ನಿಮಿಷ ಮಾತಾಡಿದ ಆ ಎಲ್ಲರಿಗೂ ಶರಣು. ಅಪ್ಪ ನಿಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಾರೆ.

ಟೇಲರ್ ಚಾಚಾ ಈಗಿಲ್ಲ. ಚಾಚಿ ಆಳಂದದಲ್ಲೇ ಇದ್ದಾರೆ. ಮೊಣಕಾಲು ನೋವು ಇಟ್ಟುಕೊಂಡು ಬಸ್ಸಿನಲ್ಲಿ ಮೂರು ಸಲ ಬಂದು, ದರ್ಗಾದಿಂದ ತಂದ ಸಕ್ಕರೆ ಅಪ್ಪನ ಬಾಯಿಗೆ ಹಾಕಿ ಹೋದರು. ಚಾಚಿ, ಫೋನಿನಲ್ಲಿ ಹೇಳಿದರೆ ನೀವು "ಹೋಗು ಹುಚ್ಚಿ" ಅಂತೀರಿ, ಅದಕ್ಕೆ ಇದನ್ನು ನಿಮ್ಮ ಮೊಮ್ಮಗಳು ಓದಿ ಹೇಳಲಿ. ಆ ಅಂಗಳದಲ್ಲಿ ನಮ್ಮನ್ನು ಕೂಡಿಸಿಕೊಂಡಿರಿ, ಈ ವರ್ಷ ಮತ್ತೆ ನಮ್ಮ ಮಗ್ಗುಲಿಗೆ ಬಂದು ಕೂತಿರಿ. ಬರುವ ಐತವಾರ ಅಪ್ಪನನ್ನು ಕರೆದುಕೊಂಡು ಬರುತ್ತೇವೆ. ನಿಚ್ಚಣಿಕೆ ಹತ್ತಲು ಆಗುವುದಿಲ್ಲ, ಕೆಳಗೆ ನಿಂತೇ ಆ ಪೈಪು ನೋಡುತ್ತೇನೆ ಅಂದಿದ್ದಾರೆ.

ಇನ್ನೊಂದು. ಆಸ್ಪತ್ರೆಗೆ ರೊಟ್ಟಿ, ಪಲ್ಯ, ಗಂಜಿ ಕಳಿಸಿದವರ ಐದು ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲೇ ಉಳಿದಿವೆ. ಎರಡರ ಮೇಲೆ ಹೆಸರಿದೆ, ಮೂರರ ಮೇಲೆ ಇಲ್ಲ. ಯಾರವು ಅಂತ ಹೇಳಿ. ತೊಳೆದು, ಹೊಸ ತೊಗರಿ ಬೇಳೆ ತುಂಬಿ ನಾನೇ ತಂದು ಕೊಡುತ್ತೇನೆ.