ಪುಟ್ಟಿಯನ್ನು ಕಳಿಸಿಕೊಡುವ ಹೊತ್ತು

ಕೋಲಾರ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮದುವೆ ಮುಗಿಸಿ ಪುಟ್ಟಿಯನ್ನು ಗಂಡನ ಮನೆಗೆ ಕಳಿಸಿಕೊಡುವಾಗ ಏನೇನು ಮಾಡಬೇಕು ಅಂತ ನೀನು ಬರೆದ ಪಟ್ಟಿ ನೋಡಿದೆ. ಹೂಮಳೆ, ಸುರುಸುರುಬತ್ತಿ, ಬಣ್ಣದ ಹೊಗೆ, ಡ್ರೋನ್, ಡಿಜೆ. ತಂಗಿ ಮೇಲೆ ನಿನಗೆಷ್ಟು ಪ್ರೀತಿ ಅಂತ ಅದರಲ್ಲೇ ಗೊತ್ತಾಗುತ್ತದೆ. ಸಂಭ್ರಮ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಮಗ, ಆ ಪಟ್ಟಿಯಲ್ಲಿ ನಿಮ್ಮಮ್ಮ ಎಲ್ಲೂ ಇಲ್ಲ. ಅವಳು ಮಗಳ ಮಡಿಲು ತುಂಬಿ ಒಂದು ಮಾತಾಡಲು ಹದಿನೈದು ನಿಮಿಷ ಬೇಕು, ಅಲ್ವಾ? ಅದನ್ನು ಮೊದಲು ಬರೆದುಕೋ.

ನಿಮ್ಮಕ್ಕನ ಮದುವೆಯಲ್ಲಿ ಆಗಿದ್ದು ನಿನಗೆ ಗೊತ್ತಿಲ್ಲ, ನೀನಾಗ ಚಿಕ್ಕವನು. ಸಂಜೆ ಇನ್ನೊಬ್ಬರ ಆರತಕ್ಷತೆ ಇದೆ ಅಂತ ಛತ್ರದವರು ಮೂರು ಗಂಟೆಗೇ ಕುರ್ಚಿ ಎತ್ತತೊಡಗಿದರು. ಮಡಿಲಕ್ಕಿ ಹಾಕಿದ್ದು ಮೆಟ್ಟಿಲ ಮೇಲೆ, ನಿಂತುಕೊಂಡೇ. ಸೆರಗಿಗೆ ಅದೆಷ್ಟು ಪಿನ್ನು ಚುಚ್ಚಿದ್ದರೋ, ಅವಳಿಗೆ ಮಡಿಲು ಹಿಡಿಯಲೂ ಆಗಲಿಲ್ಲ. ಅರ್ಧ ಅಕ್ಕಿ ಮೆಟ್ಟಿಲ ಪಾಲಾಯಿತು. ನಾನು ಬಗ್ಗಿ ಬಳಿದುಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅವಳು ಕಾರಿನಲ್ಲಿ ಕೂತಾಗಿತ್ತು. ಗಾಜಿನಾಚೆ ಬಳೆ ತುಂಬಿದ ಕೈ ಮಾತ್ರ ಕಂಡಿತು. ಈಗಲೂ ಅಕ್ಕಿ ಆರಿಸಲು ಮೊರ ಹಿಡಿದರೆ ಆ ಕೈಯೇ ನೆನಪಾಗುತ್ತದೆ. ನಿಮ್ಮಮ್ಮನಿಗೆ ಹಾಗಾಗುವುದು ಬೇಡ.

ಅದಕ್ಕೇ ಮೊದಲು ಛತ್ರದವರ ಹತ್ತಿರ ಹೋಗು. ಎಷ್ಟು ಗಂಟೆಗೆ ಖಾಲಿ ಮಾಡಬೇಕು ಅಂತ ಕೇಳಿ ರಸೀತಿಯಲ್ಲೇ ಬರೆಸಿಕೋ. ಮದುವೆ ಭಾನುವಾರ. ಆ ದಿನ ರಾಹುಕಾಲ ಸಂಜೆ 4.30ರಿಂದ 6. ಗಂಡಿನ ಊರು ಶ್ರೀನಿವಾಸಪುರ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ದಾಟಿ ಹೋಗಬೇಕು, ಎರಡು ಗಂಟೆ ಅಂತಿಟ್ಟುಕೋ. ನಾಲ್ಕಕ್ಕೆ ಕಾರು ಹೊರಟರೆ ಈ ಕಡೆ ರಾಹುಕಾಲಕ್ಕೆ ಮುಂಚೆ ಹೊರಟ ಹಾಗಾಯಿತು. ಆ ಕಡೆ ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಿಸಿಕೊಳ್ಳುತ್ತಾರೆ. ಅಂದರೆ ಮೂರೂವರೆಗೆ ಮಡಿಲಕ್ಕಿ ಶುರುವಾಗಬೇಕು. ಪುಟ್ಟಿ ಅದಕ್ಕೂ ಮುಂಚೆ ಊಟ ಮಾಡಿರಬೇಕು. ಫೋಟೋದವರು ಬಿಡುವುದಿಲ್ಲ, ನೀನೇ ಕೈ ಹಿಡಿದು ಎಲೆ ಮುಂದೆ ಕೂರಿಸು.

ಅಲಂಕಾರ ಮಾಡುವ ಹುಡುಗಿಗೆ ಹೇಳು, ಊಟ ಆದ ಮೇಲೆ ಸೆರಗು ಬಿಚ್ಚಿ ಸಡಿಲವಾಗಿ ಬಿಡಲಿ. ಪುಟ್ಟಿ ಮಣೆ ಮೇಲೆ ಕೂತು ಸೆರಗು ಚಾಚಬೇಕು. ಐದು ಜನ ಮುತ್ತೈದೆಯರು ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಬಳೆ ಹಾಕುತ್ತಾರೆ. ಬೀಗರು ಮನೆಯಲ್ಲಿ ತೆಲುಗು ಮಾತಾಡುವವರು, ಇದನ್ನೇ ಒಡಿ ಬಿಯ್ಯಂ ಅಂತಾರೆ. ಹೆಣ್ಣೊಪ್ಪಿಸುವಾಗ ಹಾಲಿನಲ್ಲಿ ಕೈ ಅದ್ದಿಸುವುದೂ ಅವರಲ್ಲಿ ಇದೆ. ಒಂದು ಬಟ್ಟಲು ಹಾಲು, ಕೈ ಒರೆಸಲು ಬಟ್ಟೆ ಹತ್ತಿರವೇ ಇರಲಿ. ಆ ಹೊತ್ತಿಗೆ ನಿಮ್ಮಜ್ಜಿ ಸೋಬಾನೆ ಹೇಳುತ್ತಾರೆ. ಈ ವಯಸ್ಸಿನಲ್ಲೂ ಅವರಿಗೆ ಒಂದು ಸಾಲೂ ಮರೆತಿಲ್ಲ, ಆದರೆ ದನಿ ಸಣ್ಣಗಾಗಿದೆ. ಡಿಜೆ ಪೂರ್ತಿ ನಿಲ್ಲಿಸಿಬಿಡು.

ಕಾರಿನವರೆಗೆ ನಡೆಯುವಾಗ ವಾಲಗ ಇರಲಿ, ಅದಕ್ಕಿಂತ ಗಟ್ಟಿ ಸಂಭ್ರಮ ಬೇರೆ ಯಾವುದಿದೆ! ವಾಲಗದವರು ಊಟ ಆದ ಕೂಡಲೇ ಹೊರಟುಬಿಡುತ್ತಾರೆ. ಹೆಣ್ಣು ಕಳಿಸುವವರೆಗೂ ಇರಬೇಕು ಅಂತ ಮುಂಗಡ ಕೊಡುವಾಗಲೇ ಮಾತಾಡು.

ಹೂಮಳೆ ಖಂಡಿತ ಮಾಡು. ಚಿಕ್ಕಬಳ್ಳಾಪುರದಂಥ ಹೂವಿನ ಊರಲ್ಲಿ ಮದುವೆ ಇಟ್ಟುಕೊಂಡು ಕಾಗದದ ಚೂರು ಯಾಕೆ? ಫೆಬ್ರವರಿಯಲ್ಲಿ ಪ್ರೇಮಿಗಳ ದಿನ ಬರುತ್ತಲ್ಲ, ಗುಲಾಬಿ ರೇಟು ಏರಿರುತ್ತದೆ. ಸೇವಂತಿಗೆ ಜಾಸ್ತಿ ತಗೋ, ಗುಲಾಬಿ ಸ್ವಲ್ಪ ಬೆರೆಸು. ಬೆಳಗ್ಗೆ ಮಾರುಕಟ್ಟೆಯಿಂದ ತಂದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡ, ಬೆಂದು ಕಪ್ಪಾಗುತ್ತದೆ. ಮಕ್ಕರಿಗೆ ಬಾಳೆ ಎಲೆ ಹಾಸಿ, ನೆರಳಲ್ಲಿ ಹರಡಿಡು. ಒದ್ದೆ ಎಸಳು ಎರಚಿದರೆ ರೇಷ್ಮೆ ಸೀರೆಗೆ ಕಲೆ, ನೆಲದ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಮೆಟ್ಟಿಲ ಹತ್ತಿರ ಬೇಡ, ಬಯಲಿಗೆ ಬಂದ ಮೇಲೆ ಎರಚಲಿ.

ಸುರುಸುರುಬತ್ತಿ ಮಾತ್ರ ಬಿಟ್ಟುಬಿಡು ಮಗ. ಅದರ ಬಿಸಿ ಸಾವಿರ ಡಿಗ್ರಿ ದಾಟುತ್ತದೆ. ಮಕ್ಕಳ ಲಂಗ, ಹೆಂಗಸರ ಸೆರಗು ಎಲ್ಲ ಒತ್ತಾಗಿ ನಿಂತಿರುತ್ತವೆ. ನಾಲ್ಕು ಗಂಟೆಯ ಬಿಸಿಲಲ್ಲಿ ಅದು ಕಾಣುವುದೂ ಇಲ್ಲ. ಡ್ರೋನ್ ನಿನ್ನಿಷ್ಟ.

ಕಾರಿನ ಮುಂದಿನ ಗಾಜಿಗೆ ಹೂವು ಕಟ್ಟಿಸಬೇಡ, ಡ್ರೈವರಿಗೆ ದಾರಿ ಕಾಣಬೇಕು. ಪುಟ್ಟಿಯ ಜೊತೆ ನಿಮ್ಮಕ್ಕ ಹೋಗಲಿ. ಒಂದು ಹತ್ತಿ ಸೀರೆ, ಮಾತ್ರೆ, ಚಾರ್ಜರು ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನ ತಳಕ್ಕೆ ಸೇರಿಸಬೇಡಿ.

ಮಡಿಲಕ್ಕಿಗೆ ಅಕ್ಕಿ ಕೊಳ್ಳಬೇಡ. ನಾನೇ ಆರಿಸಿ ಇಟ್ಟಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ತರುತ್ತೇನೆ.

ನಿನ್ನ
ದೊಡ್ಡಮ್ಮ