ನೆಲಬಾಂಬ್ ತೆಗೆಯೋ ಕೈಗಳು ಎ.ಟಿ.ಎಂ. ಬಾಗಿಲಲ್ಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರಿನ ಶುಂಠಿ ಹೊಲದ ಬದುವಿನಲ್ಲಿ ಮೇಯುತ್ತಿದ್ದ ಹಸು ಸಿಡಿಮದ್ದು ಕಚ್ಚಿತು. ಹಂದಿಗೆ ಅಂತ ಯಾರೋ ಕಳ್ಳತನದಲ್ಲಿ ಇಟ್ಟಿದ್ದ ಉಂಡೆ. ದವಡೆಯೇ ಒಡೆದುಹೋಗಿತ್ತು, ಮಾರನೇ ದಿನ ಸತ್ತಿತು. ಹಸುವಿನ ಮನೆಯವರು ಬಂದು, "ಮಿಲ್ಟ್ರಿ ಅಣ್ಣ, ಇನ್ನೂ ಎಷ್ಟು ಇಟ್ಟಿದ್ದಾರೋ ಏನೋ, ನೀವೊಂದು ಸಲ ನೋಡ್ತೀರಾ?" ಎಂದರು. ನಾನು ಬದುವಿಗೆ ಕಾಲಿಡಲಿಲ್ಲ. ಯಾರೂ ಅತ್ತ ಹೋಗದ ಹಾಗೆ ಹಗ್ಗ ಕಟ್ಟಿಸಿ ಪೊಲೀಸರಿಗೆ ಫೋನ್ ಮಾಡಿದೆ. ಹಸುವಿನ ಮನೆಯವರಿಗೆ ಸ್ವಲ್ಪ ಬೇಜಾರಾಯಿತು. ಆದರೆ ಗೊತ್ತಿದೆ ಅಂತ ನುಗ್ಗಬಾರದು ಅನ್ನೋದೇ ನಮಗೆ ಕಲಿಸಿದ ಮೊದಲ ಪಾಠ.

ಆವತ್ತಿನಿಂದ ಈ ಪತ್ರ ತಲೆಯಲ್ಲಿ ಕೂತಿದೆ. ಮೈನ್, ಅಂದರೆ ನೆಲಬಾಂಬ್, ತೆಗೆಯೋದು ಬಲ್ಲ ನಿವೃತ್ತ ಸೈನಿಕರ ಕಸುಬು ಸುಮ್ಮನೆ ಹಾಳಾಗುತ್ತಿದೆ ಅನ್ನೋದೇ ಇದರ ವಿಷಯ.

ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರುವ, ಸೈನ್ಯದ ಎಂಜಿನಿಯರಿಂಗ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ನಾನು 24 ವರ್ಷ ಇದ್ದೆ. ಸೈನ್ಯದಲ್ಲಿ ನಮ್ಮನ್ನು 'ತಂಬಿ'ಗಳು ಅಂತಲೇ ಕರೆಯುತ್ತಾರೆ. ಆಲೂರಿನಿಂದ ಹೋದವನಿಗೆ ತಮಿಳು ಬಂದದ್ದೂ ಅಲ್ಲೇ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾಯಿತಲ್ಲ, ಅದರ ಬೆನ್ನಿಗೇ ಪಾಕಿಸ್ತಾನದ ಗಡಿಗೆ ಸೈನ್ಯ ಕಳಿಸಿದ ಆಪರೇಷನ್ ಪರಾಕ್ರಮದಲ್ಲಿ ರಾಜಸ್ಥಾನದ ಗಡಿಗೆ ಮೈನ್ ಹಾಕಿದವರಲ್ಲಿ ನಾನೂ ಒಬ್ಬ. ತೆಗೆದವರಲ್ಲೂ ಒಬ್ಬ. ಹಾಕಿದ್ದು ಬೇಗ ಮುಗಿಯಿತು, ತೆಗೆಯೋದು ಮುಗಿಯಲೇ ಇಲ್ಲ ಅನ್ನಿಸುತ್ತಿತ್ತು. ನಕ್ಷೆ ನಮ್ಮದೇ. ಮರಳು ಮಾತ್ರ ಸರಿದುಹೋಗಿತ್ತು.

ಶ್ರೀಲಂಕಾದಲ್ಲಿ ಸರ್ಕಾರಕ್ಕೂ ಎಲ್.ಟಿ.ಟಿ.ಇ.ಗೂ ನಡೆದ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಆಮೇಲೆ ಭಾರತ ಸರ್ಕಾರದ ಖರ್ಚಿನಲ್ಲಿ ನಿವೃತ್ತ ಸೈನಿಕರ ತಂಡಗಳು ಅಲ್ಲಿಗೆ ಮೈನ್ ತೆಗೆಯಲು ಹೋದವು. ಆಗಷ್ಟೇ ಪೆನ್ಷನ್‌ಗೆ ಬಂದಿದ್ದ ನಾನೂ ಮನ್ನಾರ್ ಕಡೆಗೆ ಹೊರಟೆ. ಅಲ್ಲಿ ನಮ್ಮ ಜೊತೆ ಆ ಊರಿನ ಹುಡುಗರೂ ಕೆಲಸಕ್ಕಿದ್ದರು. ಅವರಿಗೆ ಕಲಿಸೋದು ನನ್ನ ಪಾಲಿಗೆ ಬಂತು.

ಏನು ಕಲಿಸೋದು ಅಂತ ಕೇಳಬಹುದು. ಮೊದಲು ಮಂಡಿಯೂರಿ ಕೂರೋದು. ಒಂದು ಮೀಟರ್ ಅಗಲದ ಪಟ್ಟಿ, ಮುಂದೆ ಅಡ್ಡಕ್ಕೆ ಒಂದು ಕೋಲು. ಆ ಕೋಲಿನಿಂದಾಚೆ ಕೈ, ಮೊಣಕಾಲು ಏನೂ ಹೋಗಬಾರದು. ಲೋಹ ಹುಡುಕುವ ಡಿಟೆಕ್ಟರ್ ಕೂಗಿದರೆ ಆ ಜಾಗದ ಸ್ವಲ್ಪ ಹಿಂದಿನಿಂದ ಸಣ್ಣ ಸಲಾಕೆಯನ್ನು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಬೇಕು. ಮೈನ್ ಸಿಡಿಯೋದು ಸಾಮಾನ್ಯವಾಗಿ ಅದರ ತಲೆ ಮೇಲೆ ಒತ್ತಿದಾಗ. ಹಾಗಾಗಿ ಪಕ್ಕೆಯನ್ನು ಹುಡುಕಬೇಕು. ಸಲಾಕೆಗೆ ಏನೋ ತಾಗಿತು ಅಂದರೆ ಅಲ್ಲಿಂದ ಮಣ್ಣು ಕೆರೆದು ಬ್ರಷ್ಷಿನಲ್ಲಿ ಸರಿಸೋದು. ಹತ್ತರಲ್ಲಿ ಒಂಬತ್ತು ಸಲ ಸಿಗೋದು ಮೊಳೆ, ಡಬ್ಬಿ ಮುಚ್ಚಳ, ಗುಂಡಿನ ಚೂರು. ಹತ್ತನೇ ಸಲವೂ ಮೊದಲ ಸಲದಷ್ಟೇ ನಿಧಾನ ಇರಬೇಕು, ಕಷ್ಟ ಇರೋದು ಅಲ್ಲಿ. ಮುಖದ ಗಾಜಿನ ಒಳಗೆ ಬೆವರು ಇಳಿದು ಕಣ್ಣಿಗೆ ಹೋಗುತ್ತಿರುತ್ತದೆ, ಒರೆಸುವ ಹಾಗಿಲ್ಲ.

ನಾನು ಹಾಸನದವನು, ನನಗೆ ಬಂದದ್ದು ಆಲೂಗೆಡ್ಡೆ ಉದಾಹರಣೆಯೇ. ಗೆಡ್ಡೆಗೆ ಗುದ್ದಲಿ ತಾಗಿದರೆ ಮಂಡಿಯಲ್ಲಿ ರೇಟಿಲ್ಲ, ಅದಕ್ಕೇ ನಮ್ಮಮ್ಮ ಸಾಲಿನ ಪಕ್ಕದಿಂದ ಕೈ ಹಾಕಿ ಮಣ್ಣು ಬಿಡಿಸುತ್ತಿದ್ದಳು ಎಂದೆ. ಒಬ್ಬ ಹುಡುಗ ನಕ್ಕು, "ಅಣ್ಣೇ, ನಮ್ಮ ಕಡೆ ಕಡಲೆಕಾಯಿ" ಎಂದ. ಅದೂ ಆಯಿತು.

ಅದೇ ಹುಡುಗ ನನಗೂ ಒಂದು ಪಾಠ ಹೇಳಿದ. ಒಂದು ಗದ್ದೆ ನಮಗೆ ಸಪಾಟಾಗಿ ಕಾಣುತ್ತಿತ್ತು. ಡಿಟೆಕ್ಟರ್ ಸುಮ್ಮನಿತ್ತು. ಅವನು ಎರಡು ತಾಳೆ ಮರ ತೋರಿಸಿ, "ಇವೆರಡರ ಮಧ್ಯೆ ಮಣ್ಣಿನ ಏರಿ ಇತ್ತು, ಆಮೇಲೆ ಬುಲ್ಡೋಜರ್ ಹೊಡೆದರು" ಎಂದ. ಯುದ್ಧದಲ್ಲಿ ರಕ್ಷಣೆಗೆ ಹಾಕಿದ ಏರಿ ಇತ್ತು ಅಂದರೆ ಅದರ ಮುಂದೆ ಮೈನ್ ಇರಲೇಬೇಕು. ಇತ್ತು. ಮರದ ಪೆಟ್ಟಿಗೆಯ 'ಜಾನಿ' ಮೈನ್‌ಗಳು, ಎಲ್.ಟಿ.ಟಿ.ಇ.ಯವರು ತಾವೇ ಮಾಡಿಕೊಂಡದ್ದು. ಕಬ್ಬಿಣ ಕಮ್ಮಿ, ಡಿಟೆಕ್ಟರ್‌ಗೆ ಸರಿಯಾಗಿ ಕೇಳುವುದಿಲ್ಲ. ಆ ಗದ್ದೆಯ ವಿಷಯ ಹೊರಗಿನಿಂದ ಹೋದ ನನಗೆ 24 ವರ್ಷದ ಸರ್ವಿಸ್ ಹೇಳಿಕೊಡಲಿಲ್ಲ. ಹೊರಗಿನವರು ಬಂದು ತೆಗೆದುಕೊಟ್ಟು ಹೋಗೋದಲ್ಲ, ಊರಿನವರಿಗೆ ಕಲಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಕಾಂಬೋಡಿಯಾ ನೋಡಿ. ಅಲ್ಲಿನ ಮೈನ್ ತೆಗೆಯುವ ಕೇಂದ್ರ ಶುರುವಾದದ್ದು 1992ರಲ್ಲಿ, ಕಲಿಸಲು ವಿದೇಶದವರು ಬರಬೇಕಾಗಿತ್ತು. 2023ರ ಜನವರಿಯಲ್ಲಿ ಉಕ್ರೇನಿನವರೇ ಅಲ್ಲಿಗೆ ಕಲಿಯಲು ಹೋದರು. ಜಪಾನ್ ಅವರಿಗೆ ಮೈನ್ ಹುಡುಕುವ ತನ್ನ 'ಅಲಿಸ್' ಯಂತ್ರ ಕೊಟ್ಟಿತು. ತೊಹೊಕು ವಿಶ್ವವಿದ್ಯಾಲಯದಲ್ಲಿ ತಯಾರಾದ ಅದರಲ್ಲಿ ಲೋಹ ಹುಡುಕುವುದರ ಜೊತೆಗೆ ರೇಡಾರೂ ಇದೆ, ಮಣ್ಣಿನಡಿ ಇರುವುದರ ಆಕಾರ ಪರದೆ ಮೇಲೆ ಕಾಣುತ್ತದೆ. ಮನ್ನಾರ್‌ನಲ್ಲಿ ನಮ್ಮ ಹತ್ತಿರ ಅದೊಂದು ಇದ್ದಿದ್ದರೆ ಅಂತ ಆಗಾಗ ಅಂದುಕೊಳ್ಳುತ್ತೇನೆ. ಮೊಜಾಂಬಿಕ್ 2015ರಲ್ಲಿ ಮೈನ್ ಮುಕ್ತ ಅಂತ ಘೋಷಿಸಿಕೊಂಡಿತು. ತಾಂಜಾನಿಯಾದಲ್ಲಿ ಇಲಿಗಳಿಗೂ ವಾಸನೆ ಹಿಡಿಯೋದು ಕಲಿಸುತ್ತಾರೆ. ಅಲ್ಲಿ ಕಲಿತ ಮಗಾವಾ ಅನ್ನೋ ಇಲಿಗೆ 2020ರಲ್ಲಿ ಬ್ರಿಟನ್ನಿನ ಚಿನ್ನದ ಪದಕ ಸಿಕ್ಕಿತು. ಇಲಿಗೆ ಪದಕ, ನಮಗೆ ವಾಚ್‌ಮನ್ ಟೋಪಿ. ತಮಾಷೆಗೆ ಹೇಳಿದೆ, ಇಲಿ ಮೇಲೆ ಸಿಟ್ಟಿಲ್ಲ.

ಕಲಿಸಿಬಿಟ್ಟರೆ ಮುಗಿಯಿತು ಅಂತಲೂ ಅಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಹಲವು ದೇಶಗಳಲ್ಲಿ ಕೆಲಸ ಬಲ್ಲವರೇ ಮನೆಯಲ್ಲಿ ಕೂರಬೇಕಾಯಿತು. ಸಂಬಳ ಯಾರು ಕೊಡೋದು ಅಂತ ಮೊದಲೇ ತೀರ್ಮಾನ ಆಗಿರಬೇಕು.

ನಮ್ಮ ದೇಶಕ್ಕೆ ಇದು ಹೊಸದಲ್ಲ. 2016ರ ಮಾರ್ಚಿನಲ್ಲಿ ಪುಣೆಯಲ್ಲಿ 'ಫೋರ್ಸ್ 18' ಹೆಸರಿನಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಮತ್ತದರ ಜೊತೆಗಾರ ದೇಶಗಳ ಸೈನಿಕರು ಬಂದು ಮೈನ್ ತೆಗೆಯುವ ಅಭ್ಯಾಸ ಮಾಡಿದರು. ನೆಲಬಾಂಬ್ ನಿಷೇಧದ 1997ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅದರ ವಾದ ಬೇರೆ. ತೆಗೆಯೋದು ಕಲಿಸೋಕೆ ಸಹಿ ಬೇಡ, ಅಲ್ವಾ?

ಶ್ರೀಲಂಕಾ ತನ್ನ ನೆಲ ಪೂರ್ತಿ ಸ್ವಚ್ಛ ಮಾಡಲು ಒಪ್ಪಂದದ ಪ್ರಕಾರ ಇರುವ ಗಡುವು 2028. ತಮಿಳು ಬಲ್ಲ ನಿವೃತ್ತ ತಂಬಿಗಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಆದರೆ ಯಾರಿಗೆ ಏನು ಬರುತ್ತದೆ ಅಂತ ಬರೆದಿಟ್ಟ ಪಟ್ಟಿ ನಾನಂತೂ ನೋಡಿಲ್ಲ. ಪೆನ್ಷನ್ ಬಂದ ಹೊಸದರಲ್ಲಿ ಕೆಲಸ ಕೇಳಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅರ್ಜಿಯಲ್ಲಿ 'ವಿಶೇಷ ಪರಿಣತಿ' ಅಂತ ಒಂದು ಗೆರೆ ಇತ್ತು. 'ಮೈನ್ ತೆಗೆಯುವುದು' ಎಂದು ಬರೆದೆ. ಅಲ್ಲಿದ್ದವರು ಓದಿ, "ಇದಕ್ಕೆ ನಮ್ಮಲ್ಲಿ ಕಾಲಂ ಇಲ್ಲ, ಸೆಕ್ಯುರಿಟಿ ಅಂತ ಹಾಕ್ಲಾ?" ಎಂದರು.

ಆ ಕಾಲಂ ಒಂದು ಸೇರಿಸಲಿ, ನಾನು ಕೇಳೋದು ಇಷ್ಟೇ. ಹೆಸರು, ಬರುವ ಭಾಷೆ, ಎಲ್ಲಿ ಯಾವ ಮೈನ್ ತೆಗೆದ ಅನುಭವ ಅಂತ ಬರೆದುಕೊಂಡು ಪಟ್ಟಿಯನ್ನು ದೆಹಲಿಗೆ ಕಳಿಸಲಿ. ನನ್ನ ಜೊತೆ ಇದ್ದವನೊಬ್ಬ ಈಗ ಹಾಸನ ಪೇಟೆಯಲ್ಲಿ ಎ.ಟಿ.ಎಂ. ಕಾಯುತ್ತಾನೆ, ಇನ್ನೊಬ್ಬ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಮೂವರ ಪಾಸ್‌ಪೋರ್ಟೂ ಚಾಲ್ತಿಯಲ್ಲಿದೆ.

ಇಂತಿ,
ನಿವೃತ್ತ ಹವಾಲ್ದಾರ್,
ಆಲೂರು ತಾಲ್ಲೂಕು, ಹಾಸನ ಜಿಲ್ಲೆ